ಕೈ ಎತ್ತಿದರೆ ಹತ್ತುವ ದೀಪ

ಯಜಮಾನರ ಬಲಗೈಯ ತೋರುಬೆರಳಿನ ತುದಿಯಲ್ಲಿ ಚರ್ಮ ಸುಟ್ಟು ಸುಟ್ಟು ನುಣ್ಣಗೆ ಹೊಳೆಯುತ್ತಿತ್ತು. ಒಲೆಯಲ್ಲಿ ಸುಟ್ಟುಕೊಂಡದ್ದಲ್ಲ. ಗ್ಯಾಸಿನ ಉರಿ ಸಣ್ಣ ಮಾಡಲಿಕ್ಕೆ ಬಂದದ್ದನ್ನು ಬಿಟ್ಟರೆ ಅವರು ಅಡುಗೆಮನೆಗೆ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ನಾನು ಕೆಲಸಕ್ಕಿದ್ದ ಶೃಂಗೇರಿಯ ಅವರ ಲಾಡ್ಜಿನಲ್ಲಿ ಯಾತ್ರಿಕರು ಕೋಣೆ ಖಾಲಿ ಮಾಡಿದ ಕೂಡಲೇ ಇವರು ಒಳಗೆ ಹೋಗಿ, ಮಂಚ ಹತ್ತಿ, ಬಲ್ಬನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಬಿಸಿಯಿದ್ದರೆ ಕೆಳಗಿಳಿದು ಬಂದು, ಕೌಂಟರಿನಲ್ಲಿ ಕೂತ ನನ್ನ ಮೂಗಿನ ಮುಂದೆ ಆ ಬೆರಳು ಆಡಿಸುತ್ತಿದ್ದರು.

"ನೋಡಿದ್ಯಾ ಮಾರಾಯ್ತಿ, ಹಾಡಹಗಲಲ್ಲಿ ಉರ್ಸಿದಾರೆ."

ಯಾರೋ ಉರಿಸಿದ ದೀಪಕ್ಕೆ ನಾನು ತಲೆ ತಗ್ಗಿಸಬೇಕಿತ್ತು. ನನಗೆ ಆ ಬೆರಳು ನೋಡಿದರೆ ಹೇಸಿಗೆಯಾಗುತ್ತಿತ್ತು, ಇವತ್ತಿಗೂ ನೆನಪಾದರೆ ಹಾಗೇ ಆಗುತ್ತದೆ.

ನಾನು ಪಕ್ಕದ ಊರು ಮೆಣಸೆಯಿಂದ ದಿನಾ ಬಂದು ಅವರಲ್ಲಿ ಕೌಂಟರು, ಫೋನು ಎರಡನ್ನೂ ನೋಡಿಕೊಳ್ಳುತ್ತಿದ್ದೆ. ಅಡುಗೆಯ ಉಸ್ತುವಾರಿ ಅವರ ಹೆಂಡತಿಯದು. ನಾವೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಬಂದವರಿಗೆ ಇನ್ನೊಂದು ಸೌಟು ಸಾರು ಹಾಕದೆ ಬಿಡದ ಹೆಂಗಸು. ಆ ಗಂಡನಿಗೆ ಆ ಹೆಂಡತಿ ಹೇಗೆ ಸಿಕ್ಕರೋ ದೇವರಿಗೇ ಗೊತ್ತು. ಅಮ್ಮನಿಗೆ ದಮ್ಮಿನ ಕಾಯಿಲೆ. ಉಸಿರು ಕಟ್ಟಿತೆಂದರೆ ಕೂಗಲಿಕ್ಕೂ ಆಗದು, ಏಳಲಿಕ್ಕೂ ಆಗದು. ಎರಡು ಕೈಯನ್ನೂ ಮೊಣಕಾಲ ಮೇಲೆ ಊರಿ ಅಲ್ಲಾಡದೆ ಕೂತುಬಿಡುತ್ತಿದ್ದರು. ಔಷಧದ ಪಂಪು ಮಾತ್ರ ಯಾವಾಗಲೂ ಇನ್ನೆಲ್ಲೋ ಇರುತ್ತಿತ್ತು. ಅದಕ್ಕೇ ಅಂಗಳದಾಚೆಯ ಉಗ್ರಾಣದಲ್ಲಿ, ಅವರು ಕೂರುವ ಕುರ್ಚಿಯ ಪಕ್ಕದಲ್ಲಿ ಒಂದು ಫೋನ್ ಇಟ್ಟಿದ್ದರು. ಅಮ್ಮ ಅದನ್ನೆತ್ತಿ ಒಂದು ಗುಂಡಿ ಒತ್ತಿದರೆ ನನ್ನ ಮೇಜಿನ ಮೇಲೆ ಗಂಟೆ ಹೊಡೆದುಕೊಳ್ಳುತ್ತಿತ್ತು, ನಾನು ಪಂಪು ಹುಡುಕಿಕೊಂಡು ಓಡುತ್ತಿದ್ದೆ. ಮಾತೇ ಬೇಕಿರಲಿಲ್ಲ.

ಆಮೇಲೆ ಒಂದು ದಿನ ಟೈ ಕಟ್ಟಿಕೊಂಡ ಒಬ್ಬ ಬಂದು, ಖರ್ಚು ಅರ್ಧಕ್ಕರ್ಧ ಇಳಿಸಿಕೊಡುತ್ತೇನೆ ಎಂದ. ಯಜಮಾನರ ಕಣ್ಣು ಹೊಳೆಯಿತು. ತಂತಿಯ ಫೋನ್ ಕಿತ್ತು ಇಂಟರ್ನೆಟ್ ಫೋನ್ ಹಾಕಿಸಿದರು. ಉಗ್ರಾಣದ ಫೋನೂ ಅದಕ್ಕೇ ಸೇರಿತು. ಎಲ್ಲ ಕಡೆ ಎಲ್‌ಇಡಿ ಬಲ್ಬು. ಪಡಸಾಲೆ, ಬಚ್ಚಲು, ಉಗ್ರಾಣಗಳಲ್ಲಿ ಸ್ವಿಚ್ಚೇ ತೆಗೆಸಿ ಸೆನ್ಸರ್ ದೀಪ. ಯಾರಾದರೂ ಅಲ್ಲಾಡಿದರೆ ಹತ್ತುತ್ತದೆ, ಅಲ್ಲಾಡದಿದ್ದರೆ ಆರುತ್ತದೆ. ನಲ್ಲಿಗಳಿಗೆ ನೀರು ಉಳಿಸುವ ಮೂತಿ.

ಈ ಸಾಮಾನುಗಳ ಮೇಲೆ ನನಗೆ ಸಿಟ್ಟಿಲ್ಲ. ಈಗ ಕೊಪ್ಪದಲ್ಲಿ ನನ್ನದೇ ಒಂದು ಸಣ್ಣ ಮೆಸ್ ಇದೆ, ಅಲ್ಲೂ ಎಲ್‌ಇಡಿ ದೀಪವೇ, ಇಂಟರ್ನೆಟ್ ಫೋನೇ. ಬಿಲ್ಲು ಇಳಿದದ್ದು ನಿಜ. ಆದರೆ ಯಜಮಾನರಿಗೆ ಅಷ್ಟು ಉಳಿದದ್ದು ಸಾಕಾಗಲಿಲ್ಲ. ನಲ್ಲಿಯ ಮೂತಿಯನ್ನು ಇನ್ನೂ ಬಿಗಿ ಮಾಡಿಸಿದರು. ಸೋಪು ಹಚ್ಚಿಕೊಂಡವರು ಹಚ್ಚಿಕೊಂಡ ಹಾಗೇ ನಿಲ್ಲಬೇಕು, ಅಷ್ಟರಲ್ಲಿ ದೀಪವೂ ಆರಬೇಕು. ಕಕ್ಕಸಿನ ವಾಸನೆ ಮೆಟ್ಟಿಲವರೆಗೆ ಬರುತ್ತಿತ್ತು. ಅದರ ಬಾಗಿಲ ಮೇಲೆಯೇ "ಭೂಮಿತಾಯಿಯನ್ನು ಉಳಿಸೋಣ" ಎಂದು ಬೋರ್ಡು! ಬೈಗುಳ ತಿನ್ನಲಿಕ್ಕೆ ಕೌಂಟರಿನಲ್ಲಿ ನಾನಿದ್ದೆನಲ್ಲ.

ಫೋನಿನಲ್ಲಿ ಮೊದಲು ಕೇಳಿಸುವ ಮಾತನ್ನು ಓದಲು ಕಂಪನಿಯವರು ದುಡ್ಡು ಕೇಳಿದರೆಂದು ಯಜಮಾನರು ತಾವೇ ಓದಿದರು. "ಕೋಣೆಗೆ ಒಂದು ಒತ್ತಿ, ಊಟಕ್ಕೆ ಎರಡು ಒತ್ತಿ." ಸಿರಿಮನೆ ಕಡೆಯ ಮುದುಕರು ಆ ಧ್ವನಿ ಕೇಳಿ, "ಓಹೋ ಭಟ್ರೇ, ಆರಾಮಾ?" ಎಂದು ಅದರ ಹತ್ತಿರವೇ ಮಾತಾಡಿ, ಉತ್ತರ ಬಾರದ್ದಕ್ಕೆ ಬೇಜಾರು ಮಾಡಿಕೊಂಡು ಇಡುತ್ತಿದ್ದರು.

ನರಸಿಂಹರಾಜಪುರದಿಂದ ಬರುತ್ತಿದ್ದ ಹಿರಿಯ ಪುರೋಹಿತರೊಬ್ಬರು ಬೆಳಗಿನ ಜಾವ ಪಡಸಾಲೆಯಲ್ಲಿ ಜಪಕ್ಕೆ ಕೂರುವವರು. ಕೂತರೆ ಕಲ್ಲಿನ ಹಾಗೆ. ದೀಪ ಆರಿತು. ಕತ್ತಲಲ್ಲಿ ಅಲ್ಲಿ ಯಾರಿದ್ದಾರೆಂದು ಕಾಣದೆ, ಬಿಂದಿಗೆ ಹಿಡಿದು ಬಂದವನೊಬ್ಬ ಅವರನ್ನು ಎಡವಿ, ನೀರೆಲ್ಲ ಅವರ ಮಡಿಯ ಮೇಲೆ ಸುರಿದ. ಅವರು ಒದ್ದೆ ಪಂಚೆಯಲ್ಲೇ ಕೌಂಟರಿಗೆ ಬಂದರು.

"ಭಟ್ರೇ, ನಿಮ್ಮ ದೀಪಕ್ಕೆ ಅಂತ ನಾನು ಕುಣೀತಾ ಜಪ ಮಾಡ್ಬೇಕನ?"

"ಜಪಕ್ಕೆ ದೀಪ ಎಂತಕ್ಕೆ? ಕಣ್ಣು ಮುಚ್ಕೊಂಡಿರ್ತೀರಲ್ಲ," ಎಂದರು ಯಜಮಾನರು. ನಾಚಿಕೆಯ ಸುಳಿವೂ ಇಲ್ಲ! ಪುರೋಹಿತರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಮ್ಮ ಮಾತ್ರ ನಗುತ್ತಿದ್ದರು. ಉಗ್ರಾಣದಲ್ಲಿ ಅಕ್ಕಿ ಆರಿಸುತ್ತ ಒಂದು ಗಳಿಗೆ ಸುಮ್ಮನೆ ಕೂತರೆ ದೀಪ ಆರುತ್ತಿತ್ತು. ಆಗ ಕೈ ಎತ್ತಿ ಬೀಸುತ್ತಿದ್ದರು. "ನೋಡೇ, ಇದ್ರ ಲೆಕ್ಕದಲ್ಲಿ ನಾನು ಇಲ್ವೇ ಇಲ್ಲ. ನಿಮ್ಮ ಯಜಮಾನ್ರ ಲೆಕ್ಕದಲ್ಲೂ ಹಾಗೇ."

ಕೊಪ್ಪದ ಯಾವುದೋ ಸಭೆಯಲ್ಲಿ ಯಜಮಾನರಿಗೆ ಶಾಲು ಹೊದಿಸಿದರು, ಖರ್ಚು ಉಳಿಸುವುದು ಹೇಗೆಂದು ಭಾಷಣ ಮಾಡಿಸಿದರು. ಅಲ್ಲಿಂದ ಬಂದವರಿಗೆ ಹೊಸ ಬುದ್ಧಿ ಹೊಳೆಯಿತು. ಫೋನುಗಳಿಗೆಲ್ಲ ಜೀವ ಕೊಡುವ ಇಂಟರ್ನೆಟ್ಟಿನ ಡಬ್ಬಿ ದಿನವಿಡೀ ಕರೆಂಟು ತಿನ್ನುತ್ತದೆ. ಮಧ್ಯಾಹ್ನ ಊಟದ ಮೇಲೆ ಯಾರು ಫೋನ್ ಮಾಡುತ್ತಾರೆ? ಅಂದಿನಿಂದ ಊಟವಾದ ಕೂಡಲೇ ಡಬ್ಬಿ ಆರಿಸುವುದು, ಸಂಜೆ ಕಾಫಿಯ ಹೊತ್ತಿಗೆ ಹಾಕುವುದು. ಎಲ್‌ಇಡಿ ಬಲ್ಬು ಮುಟ್ಟಿ ನೋಡಿದರೆ ಬಿಸಿ ಸಿಕ್ಕದೆ ಚಡಪಡಿಸುತ್ತಿದ್ದ ಆ ಬೆರಳಿಗೆ ಒಂದು ಕೆಲಸ ಸಿಕ್ಕಿತು.

"ಅಮ್ಮಂಗೆ ಫೋನ್ ಬೇಕಾದ್ರೆ?" ಎಂದು ಕೇಳಿದೆ.

"ಅವಳು ಆ ಹೊತ್ತಿಗೆ ಮಲಗಿರ್ತಾಳೆ. ನಿಂಗೆಂತಕ್ಕೆ ಅದೆಲ್ಲ?"

ಆಮೇಲೆ ಒಂದು ದಿನ ಮಧ್ಯಾಹ್ನ ಅಮ್ಮ ಮಲಗಿರಲಿಲ್ಲ. ಮರುದಿನದ ದೊಡ್ಡ ಊಟಕ್ಕೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಉಗ್ರಾಣಕ್ಕೆ ಹೋಗಿದ್ದರು. ಮೆಣಸಿನ ಘಾಟಿಗೆ ದಮ್ಮು ಎದ್ದಿರಬೇಕು. ನಾನು ಕೌಂಟರಿನಲ್ಲಿದ್ದೆ, ಯಜಮಾನರು ಪಕ್ಕದಲ್ಲಿ ಪೇಪರು ಓದುತ್ತಿದ್ದರು. ಅಮ್ಮ ಎಲ್ಲೂ ಕಾಣುವುದಿಲ್ಲವಲ್ಲ, ಉಗ್ರಾಣದಲ್ಲಿ ನೋಡಿ ಬರುತ್ತೇನೆ ಎಂದು ಎದ್ದೆ. ಅವರು ಅಂಗಳದಾಚೆಯ ಉಗ್ರಾಣದ ಕಿಟಕಿಯತ್ತ ಕತ್ತು ಚಾಚಿದರು.

"ಕೂತ್ಕೋ ಮಾರಾಯ್ತಿ. ಅಲ್ಲಿ ಯಾರೂ ಇಲ್ಲ. ದೀಪ ಆರಿದೆ ನೋಡು."

ಎಷ್ಟು ತೃಪ್ತಿಯಿಂದ ಹೇಳಿದರು! ನಾನೂ ಕೂತೆ. ಆ ದನಿ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಸಂಜೆ ಕಾಫಿಪುಡಿಗೆಂದು ನಾನು ಉಗ್ರಾಣದ ಬಾಗಿಲು ದೂಡಿದೆ. ನಾನು ಅಲ್ಲಾಡಿದ್ದಕ್ಕೆ ದೀಪ ಹತ್ತಿತು. ಅಮ್ಮ ಕುರ್ಚಿಯಲ್ಲಿದ್ದರು, ಮಡಿಲಲ್ಲಿ ಸತ್ತ ಫೋನು. ಉಸಿರು ಎಳೆಯಷ್ಟು ಇತ್ತು. ಪಂಪು ತಂದು ಹಿಡಿದರೂ ಎಳೆದುಕೊಳ್ಳುವ ಶಕ್ತಿ ಇರಲಿಲ್ಲ. ಕಾರಿನಲ್ಲಿ ಕೊಪ್ಪದ ಆಸ್ಪತ್ರೆಗೆ ಹೊರಟೆವು. ಹರಿಹರಪುರ ದಾಟುವಾಗ ನನ್ನ ಕೈಯಲ್ಲಿದ್ದ ಅವರ ಕೈ ಸಡಿಲವಾಯಿತು.

ಮುಂದಿನ ಸೀಟಿನಲ್ಲಿದ್ದ ಯಜಮಾನರು ತಿರುಗಿ ಹೇಳಿದ್ದು ಇಷ್ಟೇ: "ಒಂದು ಫೋನ್ ಮಾಡ್ಬಹುದಿತ್ತಲ್ಲ ಅವಳು."

"ಡಬ್ಬಿ ಆರ್ಸಿದ್ದು ಯಾರು?" ಎಂದೆ. ಅವರು ಮುಂದಕ್ಕೆ ತಿರುಗಿದರು. ಆ ಕಾರಿನಿಂದ ಹಾರಿಬಿಡೋಣ ಅನ್ನಿಸುವಷ್ಟು ಅಸಹ್ಯವಾಯಿತು ನನಗೆ.

ಮೆಸ್ಸಿಗೆ ಜಾಗ ಸಿಗುವವರೆಗೆ ನಾನು ಅಲ್ಲೇ ಇರಬೇಕಾಯಿತು. ಯಜಮಾನರು ಮತ್ತೆ ಡಬ್ಬಿ ಆರಿಸಲಿಲ್ಲ. ಮಧ್ಯಾಹ್ನ ಪೇಪರು ಬಿಟ್ಟು ಉಗ್ರಾಣಕ್ಕೆ ಹೋಗಿ ಅಮ್ಮನ ಕುರ್ಚಿಯಲ್ಲಿ ಕೂರತೊಡಗಿದರು. ದೀಪ ಆರುತ್ತಿತ್ತು, ಅವರು ಕೈ ಎತ್ತುತ್ತಿದ್ದರು, ಹತ್ತುತ್ತಿತ್ತು. ಕೌಂಟರಿನಿಂದ ಆ ಕಿಟಕಿ ಆರಿ ಹತ್ತುವುದನ್ನು ನೋಡುತ್ತ ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

"ಅಲ್ಲಿಗೊಂದು ಸ್ವಿಚ್ ಹಾಕ್ಸಿ ಯಜಮಾನ್ರೇ," ಎಂದೆ ಒಮ್ಮೆ.

"ಇರ್ಲಿ ಮಾರಾಯ್ತಿ. ಕೈ ಎತ್ತಕ್ಕೆ ಎಂತ ಖರ್ಚು?"

ಹೆಂಡತಿ ಉಸಿರು ಕಟ್ಟಿ ಕೂತಿದ್ದ ಕುರ್ಚಿಯಲ್ಲಿ ಕೂತು ಈ ಮಾತು! ಆದರೂ ಕಿಟಕಿ ಕತ್ತಲಾಗಿ ಸ್ವಲ್ಪ ಹೊತ್ತು ಹತ್ತದಿದ್ದರೆ ನಾನು ಇದ್ದ ಕೆಲಸ ಬಿಟ್ಟು ಅಂಗಳ ದಾಟಿ ಓಡುತ್ತಿದ್ದೆ. ಅಮ್ಮ ಹೋದ ಮೇಲೆ ಕತ್ತಲಿದ್ದ ಕೋಣೆ ಖಾಲಿ ಎಂದು ನಂಬುವುದು ನನ್ನಿಂದ ಆಗುತ್ತಿರಲಿಲ್ಲ, ಇವತ್ತಿಗೂ ಆಗುವುದಿಲ್ಲ. ಆ ಮನುಷ್ಯನಿಂದ ನಾನು ಪಡೆದದ್ದು ಏನಾದರೂ ಇದ್ದರೆ ಇದೊಂದೇ. ಬಾಗಿಲು ತೆರೆದರೆ ದೀಪ ಹತ್ತಿ, ತೂಕಡಿಸುತ್ತಿದ್ದ ಯಜಮಾನರು ಕಣ್ಣು ಬಿಟ್ಟು ಸಿಡುಕುತ್ತಿದ್ದರು. "ಸುಮ್ನೆ ದೀಪ ಹತ್ಸಿದ್ಯಲ್ಲ ಮಾರಾಯ್ತಿ!"

ಹೀಗೇ ಒಂದು ಮಧ್ಯಾಹ್ನ ಓಡಿಹೋಗಿ ಬಾಗಿಲು ತೆರೆದೆ. ದೀಪ ಹತ್ತಿತು. ಯಾರೂ ಬೈಯಲಿಲ್ಲ.

ಅಡುಗೆಯವರನ್ನು ಕೂಗಿ ಡಾಕ್ಟರಿಗೆ ಹೇಳಿ ಕಳಿಸಿದೆ. ನೆಂಟರಿಷ್ಟರು ಬರುವವರೆಗೆ ಒಬ್ಬರಾದರೂ ಹತ್ತಿರ ಇರಬೇಕಲ್ಲ ಎಂದು ಅಕ್ಕಿಮೂಟೆಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ದೀಪ ಆರಿತು. ನಾನು ಕೈ ಎತ್ತಿದೆ. ಹತ್ತಿತು. ಮತ್ತೆ ಆರಿತು, ಮತ್ತೆ ಎತ್ತಿದೆ. ಆ ಬೆರಳು ಕುರ್ಚಿಯ ತೋಳಿನ ಮೇಲೆ ಹೊಳೆಯುತ್ತಿತ್ತು, ನೋಡಿದರೆ ಆಗಲೂ ಹೇಸಿಗೆಯೇ. ಆದರೂ ಜನ ಬರುವವರೆಗೆ ಕೈ ಎತ್ತುತ್ತಲೇ ಇದ್ದೆ.