ರಕ್ತಪಿಶಾಚಿಯನ್ನು ಮೆಚ್ಚಿದ್ದ ನೆರೆಮನೆಯಾಕೆ

ರಾಂಚೊ ಬರ್ನಾರ್ಡೊದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಹಿರಿಯಾಕೆ, ಹೊಸದಾಗಿ ಮದುವೆಯಾಗಿ ಅಮೆರಿಕಕ್ಕೆ ಬಂದಾಗ ಮಧ್ಯಾಹ್ನದ ಟಿವಿ ಧಾರಾವಾಹಿಯೊಂದನ್ನು ನೋಡಿ ಇಂಗ್ಲಿಷ್ ಕಲಿತವರು. ಅದರ ನಾಯಕ ರಕ್ತ ಕುಡಿಯುವ ಪಿಶಾಚಿ. ಎಪ್ಪತ್ತೈದರಲ್ಲೂ ಅವನ ಮಾತು ಬಂದರೆ ಸೆರಗು ಸರಿಪಡಿಸಿಕೊಂಡು, "ಪಾಪ, ಅವಂಗ ಸಾವಿಲ್ಲ ನೋಡ್ರಿ" ಎನ್ನುತ್ತಿದ್ದರು.

ಆ ಧಾರಾವಾಹಿಯ ಅಭಿಮಾನಿಗಳು ವರ್ಷಕ್ಕೊಮ್ಮೆ, ನಮ್ಮಲ್ಲಿಂದ ಕಾರಿನಲ್ಲಿ ಎರಡು ತಾಸು ದೂರದ ಲಾಸ್ ಏಂಜಲೀಸ್‌ನಲ್ಲಿ ಸೇರುತ್ತಿದ್ದರು. ಕೋವಿಡ್ ಕಳೆದ ಮೇಲಿನ ಮೊದಲ ಕೂಟದ ಹೊತ್ತಿಗೆ ಆಕೆ ಕಣ್ಣು ಮಂಜಾಗಿ ಡ್ರೈವ್ ಮಾಡುವುದನ್ನು ಬಿಟ್ಟಿದ್ದರು. ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಆ ಬೆಳಿಗ್ಗೆ ಕ್ಯಾಲೆಂಡರ್ ನೋಡಿದರೆ ಅಮಾವಾಸ್ಯೆ. ಅಂಥ ದಿನ ಪಿಶಾಚಿಯ ಹೆಸರಿನಲ್ಲಿ ಅಷ್ಟು ದೂರ ಹೋಗಲು ಹೆದರಿ, "ಅಕ್ಕಾ, ಕಾರು ಸ್ಟಾರ್ಟ್ ಆಗ್ತಿಲ್ಲ" ಎಂದು ಸುಳ್ಳು ಹೇಳಿದೆ.

ಕಪ್ಪು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದವರು, "ಇರ್ಲಿ ಬಿಡ್ರಿ, ಮುಂದಿನ ವರ್ಷ ಹೋದ್ರಾತು" ಎಂದು ನಕ್ಕರು.

ಮುಂದಿನ ಕೂಟಕ್ಕೆ ಮೊದಲೇ ಆಕೆ ತೀರಿಕೊಂಡರು. ಆದರೆ ನನ್ನನ್ನು ಇಂದಿಗೂ ಕಾಡುವುದು ಆ ಅಮಾವಾಸ್ಯೆಯ ಸಂಜೆ. ಅದೇ ಕಾರಿನಲ್ಲಿ ದೇವಸ್ಥಾನಕ್ಕೆ ಹೊರಟಿದ್ದೆ. ಆಕೆ ಎದುರಿಗೇ ಬಂದರು. ಕೂಟದ ಗೆಳತಿಯರಿಗೆಂದು ಕರಿದಿದ್ದ ಚಕ್ಕುಲಿಯ ಡಬ್ಬಿಯನ್ನು ಕಾರಿನ ಕಿಟಕಿಯೊಳಗೆ ಚಾಚಿ, "ರಿಪೇರಿ ಆತೇನ್ರಿ? ಛಲೋ ಆತು" ಎಂದರು.

ನಾನು ಹೌದೆಂದು ಹೇಳಿ ಡಬ್ಬಿ ತೆಗೆದುಕೊಂಡೆ.