ಬಾಗಿಲಾಚೆಯ ಮೊಳೆ

ಗಂಗಾಪುರದಲ್ಲಿ ಬಸ್ಸು ಚಹಾಕ್ಕೆಂದು ನಿಂತಾಗ ಸುಮ್ಮನೆ ಸೀಟಿನಲ್ಲೇ ಕೂತಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಇಳಿದೆ. ಅಂಗಡಿಯ ತಗಡಿನ ಕೆಳಗೆ ಇಬ್ಬರು ಮುದುಕರು ಬೀಡಿ ಸೇದುತ್ತಿದ್ದರು. ಆಚೆ ಬಯಲಲ್ಲಿ ನಿಲ್ಲಲು ಬೇಕಾದಷ್ಟು ಜಾಗವಿತ್ತು. ಆದರೂ ಹೋಗಿ ಅವರ ಪಕ್ಕದ ಬೆಂಚಿನ ಮೇಲೆಯೇ ಕುಳಿತೆ. ಅದು ಅಪ್ಪನ ವಾಸನೆ. ಅಪ್ಪ ಹೋಗಿ ಹನ್ನೊಂದು ವರ್ಷವಾದ ಮೇಲೆ ಅದು ಪುಕ್ಕಟೆ ಸಿಗುತ್ತಿರುವಾಗ ಎದ್ದು ಹೋಗಲು ಮನಸ್ಸಾಗಲಿಲ್ಲ.

ಹತ್ತೇ ನಿಮಿಷ. ಬಸ್ಸು ಹೊರಟಿತು, ಕೆಮ್ಮು ಶುರುವಾಯಿತು. ಗಂಟಲು ಉರಿ, ಕಣ್ಣಲ್ಲಿ ನೀರು. ಕಿಟಕಿ ಪೂರ್ತಿ ತೆರೆದು, ಗುಟುಕು ಗುಟುಕಾಗಿ ನೀರು ಕುಡಿಯುತ್ತ ನನ್ನನ್ನು ನಾನೇ ಬೈದುಕೊಂಡೆ. ನನ್ನ ಎದೆಯ ಹಣೆಬರಹ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಇತ್ತು. ಸಂಭಾಜಿನಗರದಲ್ಲಿ ಮಗಳ ಮನೆಯಲ್ಲಿ ಮೂರು ವರ್ಷದ ಮೊಮ್ಮಗ ಉಬ್ಬಸದಿಂದ ಹೋದ ವಾರವಷ್ಟೇ ಚೇತರಿಸಿಕೊಂಡಿದ್ದ. ಅವನನ್ನು ಎತ್ತಿಕೊಳ್ಳಲೆಂದೇ ನಾಸಿಕ್ ರೋಡಿನಿಂದ ಹೊರಟವಳು ನಾನು. ಈಗ ಸೆರಗಿಗೆಲ್ಲ ಬೀಡಿಯ ನಾತ.

ಅಪ್ಪ ಬೀದರ್ ಕಡೆಯವರು, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಮನೆಗೆ ಬರುವ ದಾರಿಯಲ್ಲಿ ಎರಡು ಬೀಡಿ ಸೇದುವುದು ಅವರ ರೂಢಿ. ಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವ್ವನೂ ದಿನಾ ಕೇಳುತ್ತಿದ್ದಳು. ಬಾಗಿಲಾಚೆ ಗೋಡೆಗೆ ಒಂದು ಮೊಳೆ ಹೊಡೆದಿದ್ದರು. ಅಂಗಿ ಬಿಚ್ಚಿ ಅದಕ್ಕೆ ತೂಗುಹಾಕಿ, ನಲ್ಲಿಯಲ್ಲಿ ಕೈ, ಮುಖ, ಕುತ್ತಿಗೆ ಸೋಪು ಹಚ್ಚಿ ತೊಳೆದು, ಬಾಯಿ ಮುಕ್ಕಳಿಸಿ, ಬನಿಯನ್ನಿನಲ್ಲೇ ಕಟ್ಟೆಯ ಮೇಲೆ ಅರ್ಧ ಗಂಟೆ ಕೂಡುತ್ತಿದ್ದರು. ನಾಸಿಕದ ಡಿಸೆಂಬರ್ ಚಳಿಯಲ್ಲೂ ಇದು ತಪ್ಪುತ್ತಿರಲಿಲ್ಲ.

ನಾನು ಹೊಸ್ತಿಲೊಳಗೆ ನಿಂತು, "ಅಪ್ಪಾ, ಆತೇನ್ರಿ?" ಎನ್ನುತ್ತಿದ್ದೆ.

"ಇನ್ನಾ ಇಲ್ಲವ್ವಾ, ಅಲ್ಲೇ ನಿಂದ್ರು."

ಅದು ನನ್ನ ಕೆಮ್ಮಿಗಾಗಿ ಎಂದು ಯಾರೂ ಹೇಳಲಿಲ್ಲ. ಅಪ್ಪನಿಗೆ ನಾನು ಬೇಡವೆಂದುಕೊಂಡು ಮೂತಿ ಊದಿಸಿ, ಅವರು ಒಳಗೆ ಬಂದು ಕೈ ಚಾಚಿದಾಗ ಬೇಕೆಂತಲೇ ಅವ್ವನ ಹಿಂದೆ ಅಡಗಿಕೊಳ್ಳುತ್ತಿದ್ದೆ. ಅವರು ಕೈ ಇಳಿಸಿ ಊಟಕ್ಕೆ ಕೂಡುತ್ತಿದ್ದರು. ನನಗೆ ವಿಷಯ ತಿಳಿಯುವಷ್ಟರಲ್ಲಿ ಎತ್ತಿಕೊಳ್ಳುವ ವಯಸ್ಸು ದಾಟಿತ್ತು.

ಮಗಳ ಮನೆ ಮುಟ್ಟಿದಾಗ ಮೊಮ್ಮಗ ಬಾಗಿಲಲ್ಲೇ ಎರಡೂ ಕೈ ಚಾಚಿದ. ನಾನು ಹಿಂದೆ ಸರಿದೆ.

"ಯಾಕ್ರಿ ಅವ್ವಾ, ಒಳಗ ಬರ್ರಿ," ಎಂದಳು ಮಗಳು.

"ಬೀಡಿ ಹೊಗ್ಯಾಗ ಕುಂತು ಬಂದೀನಿ. ಅವನ್ನ ಒಳಗ ಹಿಡ್ಕೊ. ನನಗೊಂದು ಸೀರಿ ಕೊಡು."

ಹಿತ್ತಲಿನ ಬಚ್ಚಲಲ್ಲಿ ತಲೆಗೂ ನೀರು ಹಾಕಿಕೊಂಡು, ಸೀರೆ ಬದಲಿಸಿ, ಮೆಟ್ಟಿಲ ಮೇಲೆ ಕೂತೆ. ಗಾಳಿಗೆ ಗಂಟಲಿನ ಉರಿ ಇಳಿಯಿತು, ಕೆಮ್ಮೂ ನಿಂತಿತು. ಆದರೂ ಏಳಲಿಲ್ಲ. ಅಪ್ಪನ ಅರ್ಧ ಗಂಟೆ ಇನ್ನೂ ಮುಗಿದಿರಲಿಲ್ಲ.

ನಾವಾಡುವ ಕನ್ನಡ ತಿಳಿದರೂ ಮರಾಠಿಯಲ್ಲೇ ಮಾತಾಡುವ ಹುಡುಗ ತಂತಿಬಲೆಯ ಜಾಳಿ ಬಾಗಿಲಿಗೆ ಮೂಗು ಒತ್ತಿ, "ಆಜಿ, ಝಾಲಂ ಕಾ?" ಎಂದ, ಆಯ್ತಾ ಎಂದು.

"ಇನ್ನಾ ಇಲ್ಲಪ್ಪಾ, ಅಲ್ಲೇ ನಿಂದ್ರು."

ಅವನ ಮೂತಿ ಊದಿತು.

"ಸಿಟ್ಟಿಲ್ಲೋ ಕಂದಾ," ಎಂದೆ. "ನಿನಗ ಕೆಮ್ಮು ಬರಬಾರದಂತ ಕುಂತೀನಿ."

ಅವನು ಜಾಳಿಯಿಂದ ಮೂಗು ತೆಗೆದ. "ಮೀ ಪಣ್ ಬಸ್ತೋ," ಎಂದು, ನಾನೂ ಕೂರುತ್ತೇನೆ ಎನ್ನುತ್ತ, ಜಾಳಿಯ ಆಚೆ ಬದಿ ನೆಲದ ಮೇಲೆ ಕಾಲು ಮಡಚಿ ಕುಳಿತುಬಿಟ್ಟ.

ಅಪ್ಪನ ಜೊತೆ ನಾನು ಒಂದು ಸಂಜೆಯೂ ಹಾಗೆ ಕೂತಿರಲಿಲ್ಲ.