ಫರಹತ ಬಿಚ್ಚಿದ ಮೂರು ಗಿಟಾರು

ಕಾಗವಾಡದಲ್ಲಿ ಶೇಡಬಾಳ ರಸ್ತೆಗೆ ಮುಖ ಮಾಡಿದ ಆ ಅಂಗಡಿಗೆ ನಾನು ಮೊದಲ ಸಲ ಹೋದದ್ದು ನನ್ನ ಬಾವಿಯ ಮೋಟರು ಸುಟ್ಟಾಗ. ದ್ರಾಕ್ಷಿಗೆ ನೀರು ಬಿಡಲೇಬೇಕಾದ ದಿನಗಳು. ಒಳಗೆ ಕೂತಿದ್ದ ಹೆಂಗಸು ಮೋಟರಿನ ಮುಚ್ಚಳ ತೆಗೆದು ಒಮ್ಮೆ ಮೂಸಿ, ನನ್ನ ಮುಖ ಸಹ ನೋಡದೆ ಹೇಳಿದಳು:

"ನೀರಿಲ್ಲದ ಬಾವ್ಯಾಗ ಓಡಿಸೀರಿ. ಇದು ತಾನಾಗಿ ಸತ್ತಿಲ್ರಿ, ನೀವ ಕೊಂದೀರಿ."

"ಸಂಜಿಕ ಆಗತೈತೇನ್ರಿ?"

"ನಾಕ ದಿನ ಬೇಕು. ಅವಸರ ಇದ್ರ ಬ್ಯಾರೆ ಕಡೆ ಒಯ್ರಿ."

ಆಕೆಯೇ ಫರಹತ. ಆಗ ಆಕೆಗೆ ಮೂವತ್ತೆಂಟು ಇರಬಹುದು. ಊರಲ್ಲಿ ಆಕೆಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ, ಆಕೆಗೂ ಯಾರನ್ನೂ ಕಂಡರೆ ಆಗುತ್ತಿರಲಿಲ್ಲ. ಆದರೂ ಮೋಟರು ಸುಟ್ಟರೆ ಎಲ್ಲರೂ ಹೊತ್ತು ತರುವುದು ಅಲ್ಲಿಗೇ. ಆಕೆ ಮೋಟರಿಗೆ ಸುತ್ತಿದ ತಾಮ್ರದ ಸುರುಳಿ ಹತ್ತು ವರ್ಷ ಜಗ್ಗುವುದಿಲ್ಲ ಎಂಬುದು ಆಕೆಯ ವೈರಿಗಳೂ ಒಪ್ಪುವ ಮಾತು.

ಕೆಲಸ ಕಲಿಸಿದವನು ತಂದೆ ನಜೀರಸಾಬ. ಮಗ ಇಮ್ರಾನನಿಗೂ ಕಲಿಸಲು ನೋಡಿದ. ಇಮ್ರಾನನಿಗೆ ಸುರುಳಿಗೆ ಬಳಿಯುವ ವಾರ್ನಿಶಿನ ವಾಸನೆ ಆಗಿಬರಲಿಲ್ಲ. ಫರಹತಳನ್ನು ಅಥಣಿಗೆ ಕೊಟ್ಟಿದ್ದರು. ಗಂಡ ಒಂದು ಸಲ ಕೈಯೆತ್ತಿದ, ತಡೆದುಕೊಂಡಳು. ಎರಡನೆಯ ಸಲ ಎತ್ತಿದಾಗ ಆಕೆಯೂ ಎತ್ತಿದಳು. ಮರುದಿನ ಬೆಳಗಿನ ಬಸ್ಸಿಗೆ ತವರಿಗೆ ಬಂದವಳು ತಂದೆಯ ಮಗ್ಗುಲಲ್ಲಿ ಕೂತು ತಾಮ್ರದ ತಂತಿ ಹಿಡಿದಳು. ತಿರುಗಿ ಹೋಗಲಿಲ್ಲ.

ನಜೀರಸಾಬ ತೀರಿಕೊಳ್ಳುವ ಮೊದಲು ಅಂಗಡಿಯನ್ನು ಎರಡು ಮಾಡಿದ. ರಸ್ತೆ ಕಡೆಯ ಅರ್ಧ ಇಮ್ರಾನನಿಗೆ, ಹಿಂದಿನ ಅರ್ಧ ಫರಹತಳಿಗೆ. ನಡುವೆ ಒಂದು ಪ್ಲೈವುಡ್ ಗೋಡೆ ಎದ್ದಿತು. ಇಮ್ರಾನ ಮುಂದೆ ವಾದ್ಯಗಳ ಅಂಗಡಿ ಹಾಕಿದ: ಮದುವೆ ಮೆರವಣಿಗೆಯ ಬೆಂಜೋ, ಕೀಬೋರ್ಡ್, ಹಾರ್ಮೋನಿಯಂ, ನಾಲ್ಕೈದು ಗಿಟಾರು. ಅಕ್ಕನ ಗಿರಾಕಿಗಳು ಗ್ರೀಸು ಮೆತ್ತಿದ ಮೋಟರು ಹೊತ್ತು ತನ್ನ ಅಂಗಡಿಯ ನಡುವೆ ಹಾಯುವುದು ಅವನಿಗೆ ಹೇಸಿಗೆ. "ಮನಿ ಹೆಣ್ಣಮಗಳು ಗಂಡಸರ ನಡಕ ಕುಂತು ಮೋಟರ್ ಬಿಚ್ಚತಾಳ" ಎಂದು ಬಂದವರ ಮುಂದೆಲ್ಲ ಆಡಿಕೊಂಡ. ಫರಹತ ಅದನ್ನು ಪ್ಲೈವುಡ್ಡಿನ ಆಚೆ ಕೂತು ಕೇಳಿಸಿಕೊಂಡಳು. ಅಲ್ಲಿಂದ ಅಕ್ಕ ತಮ್ಮನ ಮಾತು ನಿಂತಿತು. ಒಂದೇ ಮನೆಯಲ್ಲಿ ತಾಯಿ ಎರಡು ಸಲ ಊಟಕ್ಕೆ ಬಡಿಸತೊಡಗಿದಳು.

ಗಿಟಾರಿನ ಕೆಲಸ ಆಕೆಯ ಕೈಗೆ ಬಂದದ್ದು ಜಿದ್ದಿನಿಂದಲೇ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳ ಕೆಳಗೆ ಪಿಕಪ್ ಎಂಬುದು ಇರುತ್ತದೆ. ಅಯಸ್ಕಾಂತದ ಸುತ್ತ ತಾಮ್ರದ ಸುರುಳಿ, ಅಷ್ಟೆ. ತಂತಿಯ ನಡುಕವನ್ನು ಅದು ಕರೆಂಟಾಗಿಸಿ ಸ್ಪೀಕರಿಗೆ ಕಳಿಸುತ್ತದೆ. ಅದು ಕೆಟ್ಟರೆ ಗಿಟಾರು ಮೂಕ. ಒಬ್ಬ ಆರ್ಕೆಸ್ಟ್ರಾದವನು ಅಂಥದೊಂದನ್ನು ತಂದಾಗ ಇಮ್ರಾನ ಇದು ರಿಪೇರಿ ಆಗುವುದಲ್ಲ ಎಂದು ಬಾಗಿಲ ಬಳಿ ಎಸೆದ. ಫರಹತ ಅದನ್ನು ಎತ್ತಿಕೊಂಡು ಹೋದಳು. ಕೂದಲಿಗಿಂತ ತೆಳುವಾದ ತಾಮ್ರದ ತಂತಿ, ಎಂಟು ಸಾವಿರ ಸುತ್ತು. ಹೊಲಿಗೆ ಯಂತ್ರದ ಮೋಟರಿಗೆ ಕಟ್ಟಿ ಸುತ್ತಿದರೆ ಐದು ಸಾವಿರ ಸುತ್ತಿಗೆ ಹರಿಯುತ್ತಿತ್ತು. ಹತ್ತೊಂಬತ್ತು ದಿನ ಹರಿಯಿತು. ಇಪ್ಪತ್ತನೆಯ ದಿನ ಗಿಟಾರು ಮಾತಾಡಿತು.

ಇಮ್ರಾನ ಶಹಬ್ಬಾಸ್ ಅನ್ನಲಿಲ್ಲ. ಆದರೆ ಅಂದಿನಿಂದ ಪಿಕಪ್ಪುಗಳನ್ನು ಮುಷ್ಟಿಯಲ್ಲಿ ತಂದು ಆಕೆಯ ಮೇಜಿನ ಮೇಲೆ ಇಟ್ಟುಹೋಗುತ್ತಿದ್ದ. ಗಿರಾಕಿಗೆ ಮಾತ್ರ "ಮಿರಜದಾಗ ಮಾಡಿಸ್ಕೊಂಡ ಬಂದೇನಿ" ಎನ್ನುತ್ತಿದ್ದ. ಆ ಸುಳ್ಳೂ ಪ್ಲೈವುಡ್ಡಿನ ಆಚೆ ಕೇಳುತ್ತಿತ್ತು. ಆಕೆ ಆರು ವರ್ಷ ಸುಮ್ಮನಿದ್ದಳು. ತಮ್ಮನನ್ನು ಕ್ಷಮಿಸಿ ಸುಮ್ಮನಿದ್ದವಳಲ್ಲ, ಕಾಯುತ್ತಿದ್ದಳು.

ಮೂರು ವರ್ಷದ ಹಿಂದೆ ಆ ದಿನ ಬಂತು. ನಾನು ರಿಪೇರಿಯಾದ ಮೋಟರು ಒಯ್ಯಲು ಹೋಗಿದ್ದೆ, ಆದ್ದರಿಂದ ಕಣ್ಣಾರೆ ಕಂಡೆ.

ಗಿಟಾರು ಕೊಳ್ಳಲು ಬಂದಿದ್ದವನು ಬೀರದೇವ. ರಾಯಬಾಗ ಕಡೆಯ ಕುರಿಗಾರರ ಮನೆತನ. ಡೊಳ್ಳಿನ ಪದಗಳನ್ನು ಗಿಟಾರಿನ ಮೇಲೆ ನುಡಿಸಿ ಆರ್ಕೆಸ್ಟ್ರಾಗಳಲ್ಲಿ ಹೆಸರು ಮಾಡಿದ್ದ ಹುಡುಗ. ಎಂಟು ವರ್ಷ ಆರ್ಕೆಸ್ಟ್ರಾ ಮಾಲಕನ ಗಿಟಾರು ನುಡಿಸಿ, ಈಗ ಸ್ವಂತದ್ದೊಂದು ಬೇಕು ಎಂದು ಬಂದಿದ್ದ. ಬೇಕಾದದ್ದು ಸ್ಟ್ರಾಟ್ ಎನ್ನುವ ಮಾದರಿ: ಎರಡು ಕೋಡಿನ ಮೈ, ಮೂರು ಪಿಕಪ್. ಎಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಹುಟ್ಟಿದ ಆ ರೂಪವನ್ನು ಈಗ ಬೇರೆ ಬೇರೆ ದೇಶಗಳಲ್ಲಿ ಮಾಡುತ್ತಾರೆ. ನೋಡಲು ಎಲ್ಲ ಒಂದೇ, ಒಳಗಿನ ಸಾಮಾನು ಮತ್ತು ಬೆಲೆ ಬೇರೆ.

ಇಮ್ರಾನ ಎರಡನ್ನು ಮುಂದಿಟ್ಟ. ಅಂಚಿಗೆ ಕಪ್ಪು, ನಡುವೆ ಬೆಲ್ಲದ ಬಣ್ಣದ್ದು ಅಮೆರಿಕದ್ದು. ಬಿಳಿಯದು ಮೆಕ್ಸಿಕೋದ್ದು.

"ಅಮೆರಿಕಾದ್ದು ಒಮ್ಮಿ ಹಿಡದ್ರ ಮುಗೀತ, ಬೀರದೇವ. ಬಿಳೇದು ಕಲಿಯೋರ್ದು. ನೀ ಈಗ ಕಲಿಯಾವ ಅಲ್ಲಲ್ಲ?"

ಅಷ್ಟರಲ್ಲಿ ಇಮ್ರಾನನ ಫೋನು ಬಂತು, ರಸ್ತೆಗೆ ಇಳಿದ. ಬೀರದೇವ ಅತ್ತಿತ್ತ ನೋಡಿದ. ಮೂಲೆಯಲ್ಲಿ ಅದೇ ರೂಪದ ಕೆಂಪು ಗಿಟಾರೊಂದು ಒರಗಿತ್ತು. ಇಂಡೋನೇಷ್ಯಾದ್ದು, ಮೂರರಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಸುಮ್ಮನೆ ಅದನ್ನು ಸ್ಪೀಕರಿಗೆ ಹಚ್ಚಿ ಎರಡು ಸಾಲು ನುಡಿಸಿದ. ನಿಲ್ಲಿಸಿ, ಅಮೆರಿಕದ್ದನ್ನು ಹಚ್ಚಿ ಅದೇ ಎರಡು ಸಾಲು ನುಡಿಸಿದ. ಸಂಗೀತ ತಿಳಿಯದ ನನಗೂ ವ್ಯತ್ಯಾಸ ತಿಳಿಯಿತು. ಕೆಂಪಿನ ದನಿ ಗಂಟೆಯ ಹಾಗೆ, ಅಮೆರಿಕದ್ದು ತಗಡು ಬಡಿದ ಹಾಗೆ.

ಇಮ್ರಾನ ಓಡಿ ಬಂದ. "ಅದನ್ನ ಯಾಕ ಮುಟ್ಟಿದಿ? ಅದು ಸಾಂಗಲಿ ಸ್ಟುಡಿಯೋದವರು ತಗೋತೇವಂತ ಹೇಳಿಟ್ಟದ್ದು. ನಿನಗ ಮಾರಾಕಿಲ್ಲ."

"ಮಾರೂದು ಬ್ಯಾಡ್ರಿ ಇಮ್ರಾನಭಾಯಿ. ಆದ್ರ ಅಗ್ಗದ್ದ ಮುಂದ ಅಮೆರಿಕಾದ್ದು ಯಾಕ ಹಿಂಗ ಸಪ್ಪಗ ಐತಿ?"

"ನಿನ್ನ ಕಿವಿ ಪಳಗಿಲ್ಲ. ಕುರಿ ಕೂಗು ಕೇಳಿದ ಕಿವಿ ಅದು."

ಬೀರದೇವ ಅವನಿಗೆ ಬೆನ್ನು ತಿರುಗಿಸಿದ. ಹಿಂದೊಮ್ಮೆ ಇಮ್ರಾನ ಇಲ್ಲದಾಗ ಬಂದು, ಪಿಕಪ್ ಸುತ್ತುವ ಕೈ ಯಾರದು ಎಂದು ಅವನು ನೋಡಿಹೋಗಿದ್ದ. ಕೆಂಪನ್ನೂ ಅಮೆರಿಕದ್ದನ್ನೂ ಎತ್ತಿಕೊಂಡು ನೇರ ಹಿಂದಕ್ಕೆ, ಫರಹತಳ ಕಡೆ ನಡೆದ.

"ಅಕ್ಕಾರ, ಇವನ್ನೊಂದೀಟು ಬಿಚ್ಚಿ ನೋಡ್ರಿ."

"ಬಿಳೇದನ್ನೂ ತಾ" ಎಂದಳು ಫರಹತ.

ಇಮ್ರಾನ ಬಾಗಿಲಲ್ಲೇ ನಿಂತ. ಗಿರಾಕಿಯ ಮುಂದೆ ಗಿಟಾರು ಕಸಿದುಕೊಂಡರೆ ಅದೇ ಅವನ ತಪ್ಪಿಗೆ ಸಾಕ್ಷಿ ಆಗುತ್ತಿತ್ತು. ಆಕೆ ತಂತಿ ಸಡಿಲಿಸಿ, ಮೂರರ ಎದೆಯ ಮೇಲಿನ ಪ್ಲಾಸ್ಟಿಕ್ ಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ಮಗುಚಿ ಇಟ್ಟಳು. ಬಿಳಿಯದನ್ನು ಒಂದು ಕ್ಷಣ ನೋಡಿದಳು. ಉಳಿದೆರಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯೆತ್ತಿ ತಮ್ಮನನ್ನು ನೋಡಿದಳು.

"ಆಪಾ" ಎಂದ ಇಮ್ರಾನ, ತಗ್ಗಿದ ದನಿಯಲ್ಲಿ. "ಆಪಾ, ಚುಪ್."

ಮಾತು ನಿಂತ ಮೇಲೆ ಅವನು ಆಕೆಯನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು. ಫರಹತ ಬೀರದೇವನ ಕಡೆ ತಿರುಗಿ, ರಸ್ತೆಗೂ ಕೇಳುವಂತೆ ಹೇಳಿದಳು:

"ಈ ಅಮೆರಿಕಾದ್ರಾಗ ಪಿಕಪ್ಪಿನ ತಳಕ್ಕ ಕರೀ ಪಟ್ಟಿ ಅಂಟಿಸ್ಯಾರ, ನೋಡು. ಇದು ಅಗ್ಗದ ಅಯಸ್ಕಾಂತ, ಕೆಂಪ ಗಿಟಾರಿಂದು. ಕೆಂಪದ್ರಾಗ ನೋಡು, ಒಂದೊಂದು ತಂತಿಗೆ ಒಂದೊಂದು ಅಯಸ್ಕಾಂತದ ಗೂಟ. ಇದು ಅಮೆರಿಕಾದ್ದು. ಅದಲ ಬದಲ ಮಾಡ್ಯಾರ. ಹೆಸರು ನೋಡಿ ತಗೊಳ್ಳಾವಂಗ ಹೆಸರು, ದನಿ ಕೇಳಿ ತಗೊಳ್ಳಾವಂಗ ದನಿ. ಒಂದ ಅಮೆರಿಕಾ ಗಿಟಾರದ ರೊಕ್ಕ ಎರಡ ಸಲ."

"ನನ್ನ ಕಡೆ ಬಂದಾಗ ಹಂಗ ಇತ್ತು!" ಇಮ್ರಾನ ಕೂಗಿದ. "ದಿಲ್ಲಿಯಿಂದ ಹಂಗ ಬಂದೈತಿ!"

ಫರಹತ ಬೆಸುಗೆಯ ಬಳಿ ಸುತ್ತಿದ್ದ ಹಳದಿ ಬಟ್ಟೆಯ ಪಟ್ಟಿಯೊಂದನ್ನು ಉಗುರಿನಿಂದ ಎತ್ತಿದಳು. ಮೋಟರಿನ ಸುರುಳಿ ಕಟ್ಟುವ ಪಟ್ಟಿ ಅದು. ಅದರದೇ ಉಂಡೆ ಆಕೆಯ ಮೇಜಿನ ಮೇಲೆ ಇತ್ತು.

"ದಿಲ್ಲ್ಯಾಗ ನನ್ನ ಪಟ್ಟಿ ಸಿಗತೈತೇನೋ?"

ಬೀರದೇವ ಮೇಜಿನ ಹತ್ತಿರ ಬಂದ. "ಹಂಗಾರ ಯಾವುದು ಒಯ್ಲಿ, ಅಕ್ಕಾರ?"

"ಬಿಳೇದು. ಹೆಸರು ಸಣ್ಣದು, ಆದ್ರ ಒಳಗೂ ಅದ ಐತಿ, ಹೊರಗೂ ಅದ ಐತಿ. ಅಮೆರಿಕಾದ್ದ ಬೇಕಂದ್ರ ಅದರ ಪಿಕಪ್ ತಿರಗಿ ಹಾಕಿ ಕೊಡತೇನಿ. ನಿನ್ನ ಕೈ ನೋಡಿದ್ರ ಬಿಳೇದ ಸಾಕು."

ಬೀರದೇವ ಹ್ಞೂಂ ಎಂದು ಬಿಳಿಯದರ ಕಡೆ ಕೈ ಚಾಚಿದ. ಇಮ್ರಾನ ಅದನ್ನು ಎಳೆದುಕೊಂಡ. "ನಾ ಯಾವನಿಗೂ ಏನೂ ಮಾರೂದಿಲ್ಲ. ನಡೀರಿ ಎಲ್ಲಾರೂ!" ಬಿಚ್ಚಿದ ಸ್ಕ್ರೂಗಳು ನೆಲದ ತುಂಬ ಚೆಲ್ಲಿದವು. ನನ್ನನ್ನೂ ಮೋಟರಿನ ಸಮೇತ ಹೊರಗೆ ಅಟ್ಟಿದ.

ಮರುದಿನ ಫರಹತ ಬಂದಾಗ ಅವಳ ಅರ್ಧದಲ್ಲಿ ಕರೆಂಟು ಇರಲಿಲ್ಲ. ಮೀಟರು ಇದ್ದದ್ದು ಮುಂದಿನ ಅರ್ಧದಲ್ಲಿ. ಹಿಂದೆ ಹೋಗುವ ವಾಯರನ್ನು ಇಮ್ರಾನ ಕತ್ತರಿಸಿದ್ದ. ಆಕೆ ಜಗಳಕ್ಕೆ ಹೋಗಲಿಲ್ಲ. ಗೋಡೆ ಒಡೆಸಿ ಪಕ್ಕದ ಓಣಿಗೆ ಬಾಗಿಲು ಮಾಡಿಸಿಕೊಂಡಳು. ತನ್ನ ಹೆಸರಿಗೆ ಮೀಟರು ಬರುವವರೆಗೆ ಎರಡು ತಿಂಗಳು ಕೈಯಿಂದ ತಿರುಗಿಸಿಯೇ ಸುರುಳಿ ಸುತ್ತಿದಳು. ಬಲಗೈಯ ಮಣಿಕಟ್ಟು ಬಾತು, ಚಪಾತಿ ಲಟ್ಟಿಸಲು ಬರುತ್ತಿರಲಿಲ್ಲ.

ಬೀರದೇವ ಕೊಲ್ಲಾಪುರದಿಂದ ಅಂಥದೇ ಮೆಕ್ಸಿಕೋದ್ದೊಂದನ್ನು ತಂದ. ರೊಕ್ಕ ಕೊಡುವ ಮೊದಲು ಅದನ್ನು ಮಾರುವವನ ಸಮೇತ ಫರಹತಳ ಓಣಿಯ ಬಾಗಿಲಿಗೆ ತಂದು ಬಿಚ್ಚಿಸಿ ನೋಡಿದ. ಅವನು ಹೋದ ಊರೂರಲ್ಲಿ ನಡೆದದ್ದನ್ನು ಹೇಳಿದ. ಚಿಕ್ಕೋಡಿ, ನಿಪ್ಪಾಣಿಯ ಆರ್ಕೆಸ್ಟ್ರಾದವರು ಗಿಟಾರು ಹೊತ್ತು ಓಣಿಗೆ ಬರತೊಡಗಿದರು. ಸಾಂಗಲಿಯವರು ಕೆಂಪು ಗಿಟಾರು ಬೇಡವೆಂದರು. ವರ್ಷ ತುಂಬುವುದರೊಳಗೆ ಇಮ್ರಾನ ಅಂಗಡಿ ಎತ್ತಿ ನಿಪ್ಪಾಣಿಗೆ ಹೋಗಿ ಮೊಬೈಲ್ ಅಂಗಡಿ ಹಾಕಿದ. ಮುಂದಿನ ಅರ್ಧವನ್ನು ಮಾರಲಿಲ್ಲ, ಬಾಡಿಗೆಗೂ ಕೊಡಲಿಲ್ಲ. ಬೀಗ ಜಡಿದು ಹೋದ. ತಾಯಿಯೂ ಅವನೊಂದಿಗೆ ಹೊರಟಳು. ಹೋಗುವಾಗ ಹೊಸ್ತಿಲ ಮೇಲೆ ನಿಂತು ಮಗಳಿಗೆ ಹೇಳಿದ್ದು ಒಂದೇ ಮಾತು: "ತಮ್ಮನ ರೊಟ್ಟಿ ಕಸಗೊಂಡಿ."

ಒಮ್ಮೆ ನಾನೇ ಧೈರ್ಯ ಮಾಡಿ ಆಕೆಗೆ ಹೇಳಿದೆ, "ನೀವು ಖರೆ ಹೇಳಿದ್ರಿ, ಅದರಾಗ ತಪ್ಪೇನೈತ್ರಿ?"

ಆಕೆ ಕೆಲಸ ನಿಲ್ಲಿಸದೆ ಉತ್ತರಿಸಿದಳು. "ಖರೆ ಹೇಳಬೇಕಂತ ಹೇಳ್ಲಿಲ್ರಿ. ಆಪಾ ಅಂದಾಗ ಅವನ್ನ ಒಳಗ ಕರದು, ತಿರಗಿ ಬದಲಿ ಮಾಡೋ ಅನ್ನಬಹುದಿತ್ತು. ಅಂವಾ ಹಾಳಾಗ್ಲಿ ಅಂತನ ಕೂಗಿ ಹೇಳಿದೆ. ಹೇಳಿದ್ದು ಖರೆ ಇತ್ತು, ಅದು ನನ್ನ ನಸೀಬು."

"ಈಗ ಬ್ಯಾಸರ ಐತೇನ್ರಿ?"

"ಅವ್ವ ಹೋಗಿದ್ದಕ ಐತಿ. ಅವನ ಸಲುವಾಗಿ ಇಲ್ಲ."

ಕಳೆದ ವರ್ಷ ಏಕಸಂಬಿಯಲ್ಲಿ ನೆಂಟರ ಮದುವೆ. ತಾಯಿಯನ್ನು ನೋಡುವ ಆಸೆಗೆ ಫರಹತ ಹೋದಳು. ತಾಯಿ ಹೆಂಗಸರ ನಡುವೆ ಕೂತವಳು ಆಕೆಯನ್ನು ಕಂಡು ಮುಖ ತಿರುಗಿಸಿದಳು. ಊಟದ ಪೆಂಡಾಲಿನ ಬಾಯಲ್ಲಿ ಇಮ್ರಾನ ಎದುರಾದ. ಗಡ್ಡದಲ್ಲಿ ಬಿಳಿ ಬಂದಿತ್ತಂತೆ.

"ಹೊಟ್ಟಿ ತುಂಬಿತೇನ ನಿಂದು?" ಎಂದು ಕೇಳಿದ.

"ಇನ್ನೂ ಇಲ್ಲ" ಎಂದಳು.

ಊಟ ಮಾಡದೆ ಹೊರಟು ಬಸ್ ಸ್ಟ್ಯಾಂಡಿಗೆ ನಡೆದಳು. ಒಂದೂವರೆ ತಾಸು ಬಸ್ಸು ಇರಲಿಲ್ಲ. ನಾಲ್ಕು ಬಾಳೆಹಣ್ಣು ಕೊಂಡು, ಬಿಸಿಲಲ್ಲಿ ನಿಂತೇ ತಿಂದಳು.